ಡೈನೋಸಾರ್ ಚಿತ್ರಗಳನ್ನು ಉಳಿಸಿದವರು

ಕಾಡಾನೆಗಳು ಹಿಂಡುಹಿಂಡಾಗಿ ಊರಿಗೆ ನುಗ್ಗುತ್ತಿವೆ. ಅವು ಕಾಡು ಬಿಟ್ಟು ಓಡಿಬರಲು ಕಾರಣವೇನೆಂದು ತಿಳಿಯಲು ಒಂದು ತಂಡ ಕಾಡಿನೊಳಕ್ಕೆ ಹೊರಡುತ್ತದೆ. ಕೊಡಗಿನ ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆಯ ಕಾಫಿ ಬೆಳೆಗಾರರಿಗೆ ಇದು ನಿನ್ನೆಯ ಪತ್ರಿಕೆಯ ಸುದ್ದಿಯಂತೆ ಕೇಳಿಸಬಹುದು. ಆದರೆ ಇದು 1952ರಲ್ಲಿ ತೆರೆಕಂಡ ‘ದಿ ಜಂಗಲ್’ ಎಂಬ ಚಿತ್ರದ ಕಥೆ. ಅದರಲ್ಲಿ ಆನೆಗಳನ್ನು ಬೆದರಿಸಿ ಅಟ್ಟುವುದು ಹಿಮಯುಗದಿಂದ ಹೇಗೋ ಉಳಿದುಬಂದ ಮ್ಯಾಮತ್‌ಗಳು. ಸೇಲಂನ ಮಾಡರ್ನ್ ಥಿಯೇಟರ್ಸ್‌ನ ಟಿ.ಆರ್. ಸುಂದರಂ ಹಾಲಿವುಡ್‌ನವರ ಜೊತೆ ಸೇರಿ ಇದನ್ನು ತಯಾರಿಸಿದರು, ವಿಲಿಯಂ ಬರ್ಕ್ ನಿರ್ದೇಶಿಸಿದರು. ಎಂ.ಜಿ.ಆರ್. ಅವರ ಮೊದಲ ಚಿತ್ರ ‘ಸತಿ ಲೀಲಾವತಿ’ಯ ನಿರ್ದೇಶಕ, ಅಮೆರಿಕದ ಎಲ್ಲಿಸ್ ಡಂಗನ್ ಇದರ ನಿರ್ಮಾಣದ ಹೊಣೆ ಹೊತ್ತಿದ್ದರು. ಮ್ಯಾಮತ್‌ಗಳ ಪಾತ್ರ ವಹಿಸಿದ್ದು ನಮ್ಮ ಆನೆಗಳೇ, ಮೈಮೇಲೆ ಉದ್ದ ಕೂದಲಿನ ಹೊದಿಕೆ ಹೊತ್ತು. ಅದು ಹೊದಿಕೆ ಎಂದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಆದರೂ ಇಂಥ ಚಿತ್ರಗಳನ್ನು ಹುಡುಕಿ, ಕೊಂಡು, ಜೋಪಾನ ಮಾಡಿ, ಮತ್ತೆ ಮತ್ತೆ ನೋಡುವವರು ಜಗತ್ತಿನ ತುಂಬ ಇದ್ದಾರೆ.

ಈ ಪ್ರೀತಿಯನ್ನು ಹುಡುಗಾಟ ಎಂದು ತಳ್ಳಿಹಾಕುವುದು ಸುಲಭ. ನನ್ನ ವಾದ ಬೇರೆ. ವಿಮರ್ಶಕರು ಕಡೆಗಣಿಸಿದ, ತಯಾರಿಸಿದ ಕಂಪನಿಗಳೇ ಕೈಬಿಟ್ಟ ಚಿತ್ರಗಳು ಇವತ್ತು ಪೂರ್ಣರೂಪದಲ್ಲಿ ಸಿಗುತ್ತಿದ್ದರೆ ಅದರಲ್ಲಿ ಅಭಿಮಾನಿಗಳ ಪಾಲು ದೊಡ್ಡದು. ಅವರು ಮನೆಗೆ ತಂದಿಟ್ಟುಕೊಂಡ ರೀಲು, ಟೇಪು, ಡಿಸ್ಕುಗಳೇ ಎಷ್ಟೋ ಸಲ ಚಿತ್ರಗಳನ್ನು ಕಾದಿವೆ. ಕನ್ನಡದವರಾದ ನಾವು, ಅದರಲ್ಲೂ ಕೊಡಗಿನಂಥ ಸಣ್ಣ ನಾಡಿನವರು, ಈ ಅಭ್ಯಾಸವನ್ನು ಕಲಿಯಬೇಕಾಗಿದೆ.

ಇದಕ್ಕೆ ಅತಿ ಗಟ್ಟಿ ಸಾಕ್ಷಿ 1925ರ ‘ದಿ ಲಾಸ್ಟ್ ವರ್ಲ್ಡ್’. ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ 1912ರಲ್ಲಿ ಬರೆದ ಕಾದಂಬರಿ ಅದರ ಮೂಲ. ದಕ್ಷಿಣ ಅಮೆರಿಕದ ಒಂದು ಎತ್ತರದ ಪ್ರಸ್ಥಭೂಮಿಯಲ್ಲಿ ಡೈನೋಸಾರ್‌ಗಳು ಇನ್ನೂ ಬದುಕಿವೆ ಎಂಬುದು ಕಥೆ. ಅವುಗಳಿಗೆ ಜೀವ ಕೊಟ್ಟವರು ವಿಲ್ಲಿಸ್ ಒಬ್ರಿಯನ್. ಇವರೇ ಎಂಟು ವರ್ಷಗಳ ನಂತರ ‘ಕಿಂಗ್ ಕಾಂಗ್’ನ ಗೊರಿಲ್ಲಾವನ್ನು ಕುಣಿಸಿದವರು. ಮಾತಿನ ಚಿತ್ರಗಳು ಬಂದ ಮೇಲೆ ಕಂಪನಿಗೆ ಈ ಮೂಕಿಚಿತ್ರ ಬೇಡವಾಯಿತು. ಪ್ರದರ್ಶನದ ಪ್ರತಿಗಳನ್ನು ಹಿಂತೆಗೆದು ನಾಶಮಾಡಲಾಯಿತು. ಹತ್ತು ರೀಲಿನ ಆ ಚಿತ್ರ ದಶಕಗಳ ಕಾಲ ಜನರಿಗೆ ಸಿಕ್ಕಿದ್ದು ಕೊಡಾಸ್ಕೋಪ್ ಎಂಬ ಬಾಡಿಗೆ ಲೈಬ್ರರಿ ಮನೆಗಳಲ್ಲಿ ತೋರಿಸಲೆಂದು 16 ಎಂ.ಎಂ. ಫಿಲ್ಮಿಗೆ ಇಳಿಸಿ, ಅರ್ಧದಷ್ಟು ಕತ್ತರಿಸಿದ ರೂಪದಲ್ಲಿ ಮಾತ್ರ. ಚಿತ್ರಮಂದಿರದ ಪ್ರತಿ ಮರೆಯಾಯಿತು, ಮನೆಯ ಪ್ರತಿ ಉಳಿಯಿತು. 1990ರ ದಶಕದಲ್ಲಿ ಜೆಕ್ ದೇಶದ ಚಿತ್ರಾಗಾರದಲ್ಲಿದ್ದ ಪ್ರತಿಯೊಂದು ಬೆಳಕಿಗೆ ಬಂದಾಗ ಕಳೆದುಹೋದ ದೃಶ್ಯಗಳು ಒಂದೊಂದಾಗಿ ಮರಳಿದವು. ಸಂಗ್ರಾಹಕರ ಬಳಿಯಿದ್ದ ತುಣುಕುಗಳನ್ನೂ ಸೇರಿಸಿ ಪ್ಯಾರಿಸ್ಸಿನ ಲಾಬ್ಸ್ಟರ್ ಫಿಲ್ಮ್ಸ್ ಸಿದ್ಧಪಡಿಸಿದ ಆವೃತ್ತಿ 2017ರಲ್ಲಿ ಬ್ಲೂ-ರೇ ಆಗಿ ಬಂತು. ಹೆಚ್ಚುಕಡಿಮೆ ಪೂರ್ತಿ ಚಿತ್ರವನ್ನು ನೋಡಲು ಜನ ತೊಂಬತ್ತು ವರ್ಷ ಕಾಯಬೇಕಾಯಿತು.

ಈ ಚಿತ್ರಗಳ ಮೇಲಿನ ಮೊದಲ ಆಕ್ಷೇಪ ವಿಜ್ಞಾನದ್ದು. ಬ್ರಿಟನ್ನಿನ ಹ್ಯಾಮರ್ ಕಂಪನಿಯ ‘ಒನ್ ಮಿಲಿಯನ್ ಇಯರ್ಸ್ ಬಿ.ಸಿ.’ (1966) ಚಿತ್ರದಲ್ಲಿ ರಾಕೆಲ್ ವೆಲ್ಚ್ ಚರ್ಮದ ತುಂಡುಡುಗೆಯುಟ್ಟು ಡೈನೋಸಾರ್‌ಗಳ ನಡುವೆ ಓಡಾಡುತ್ತಾಳೆ. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷವಾಗಿದೆ, ನಮ್ಮಂಥ ಮನುಷ್ಯರು ಹುಟ್ಟಿ ಹೆಚ್ಚೆಂದರೆ ಮೂರು ಲಕ್ಷ ವರ್ಷ. ಇಷ್ಟು ದೊಡ್ಡ ಸುಳ್ಳನ್ನು ಮಕ್ಕಳಿಗೆ ತೋರಿಸುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೊಡಗಿನಲ್ಲಿ ನಿಂತು ಇದನ್ನು ಯೋಚಿಸಿ ನೋಡಿ. ಇಲ್ಲಿನ ಕಾಲಡಿಯ ಬಂಡೆ 300 ಕೋಟಿ ವರ್ಷಕ್ಕೂ ಹಳೆಯದು. ಭೂಗರ್ಭದ ತೀವ್ರ ಕಾವು, ಒತ್ತಡದಲ್ಲಿ ಬೆಂದು ರೂಪುಗೊಂಡ ಅದರೊಳಗೆ ಡೈನೋಸಾರ್ ಮೂಳೆ ಸಿಗುವ ಸಾಧ್ಯತೆಯೇ ಇಲ್ಲ. ಭಾರತದ ಡೈನೋಸಾರ್‌ಗಳನ್ನು ನೋಡಬೇಕಾದರೆ ನರ್ಮದೆಯ ದಂಡೆಗೆ ಹೋಗಬೇಕು. ಕೊಡಗಿನಲ್ಲಿ ನಮಗೆ ಸಿಗುವ ಪ್ರಾಗೈತಿಹಾಸವೆಂದರೆ ಸೋಮವಾರಪೇಟೆ ಬಳಿಯ ದೊಡ್ಡಮಳ್ತೆಯಂಥ ಕಡೆಗಳಲ್ಲಿರುವ ಕಲ್ಲುಚಪ್ಪಡಿಗಳ ಸಮಾಧಿಗಳು. ಅವು ಕಬ್ಬಿಣ ಬಳಸುತ್ತಿದ್ದ ಕಾಲದ ಜನ ಕಟ್ಟಿದವು ಎನ್ನುತ್ತಾರೆ ಪುರಾತತ್ವ ತಜ್ಞರು. ಊರಿನವರಿಗೆ ಅವು ತಲೆಮಾರುಗಳಿಂದ ಪಾಂಡವರ ಮನೆಗಳು. ಅಷ್ಟು ದೊಡ್ಡ ಕಲ್ಲನ್ನು ಭೀಮನಲ್ಲದೆ ಇನ್ನಾರು ಎತ್ತಿಯಾರು? ಈ ಕಥೆ ಕೇಳಿ ಬೆಳೆದವರು ದಡ್ಡರಾಗಲಿಲ್ಲ. ಕಲ್ಲಿನ ಬಗ್ಗೆ ಬೆರಗು ಮೊದಲು ಹುಟ್ಟಿತು, ಅದನ್ನು ಕಟ್ಟಿದವರು ಯಾರೆಂಬ ವಿಚಾರಣೆ ಆಮೇಲೆ ಬಂತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನೆನೆಯಿರಿ. ಯುಗಗಳಾಚೆಯಿಂದ ಬಂದಂತಿರುವ ಹಾರುವ ಓತಿಯ ಬೆನ್ನುಹತ್ತಿ ಪಶ್ಚಿಮಘಟ್ಟದ ಕಾಡಿಗೆ ಹೊಕ್ಕ ಆ ಕಥೆ ಎಷ್ಟೋ ಕನ್ನಡ ಓದುಗರನ್ನು ಜೀವವಿಕಾಸದ ಕಡೆಗೆ ತಿರುಗಿಸಿದೆ. ಡಾಯ್ಲ್‌ನ ಪ್ರಸ್ಥಭೂಮಿಯೂ ತೇಜಸ್ವಿಯವರ ಕಾಡೂ ಒಂದೇ ಹಂಬಲಕ್ಕೆ ಮೂಡಿದ ಎರಡು ನೆಲ. ತೇಜಸ್ವಿಯವರದು ವಿಜ್ಞಾನಕ್ಕೆ ಹೆಚ್ಚು ನಿಷ್ಠವಾದದ್ದು ಎಂಬುದನ್ನು ಒಪ್ಪಲೇಬೇಕು.

ಇನ್ನು ಕಸುಬಿನ ಮಾತು. ‘ಒನ್ ಮಿಲಿಯನ್ ಇಯರ್ಸ್’ನ ಪ್ರಾಣಿಗಳನ್ನು ಮಾಡಿದ ರೇ ಹ್ಯಾರಿಹೌಸನ್ 1933ರಲ್ಲಿ, ಹದಿಮೂರರ ಹುಡುಗನಾಗಿದ್ದಾಗ, ‘ಕಿಂಗ್ ಕಾಂಗ್’ ನೋಡಿ ಮರುಳಾದವರು, ಮುಂದೆ ಒಬ್ರಿಯನ್ನರ ಬಳಿಯೇ ಕೆಲಸ ಕಲಿತವರು. ಉಕ್ಕಿನ ಕೀಲುಗಳ ಅಸ್ಥಿಪಂಜರದ ಮೇಲೆ ರಬ್ಬರಿನ ಚರ್ಮ ಹೊದಿಸಿದ ಬೊಂಬೆಯನ್ನು ಕೂದಲೆಳೆಯಷ್ಟು ಕದಲಿಸಿ ಒಂದು ಚಿತ್ರ ತೆಗೆಯುವುದು, ಮತ್ತೆ ಕದಲಿಸಿ ಇನ್ನೊಂದು ತೆಗೆಯುವುದು. ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಂಥ 24 ಚಿತ್ರ ಬೇಕು. ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ನಲ್ಲಿ (1963) ಏಳು ಅಸ್ಥಿಪಂಜರಗಳು ಕತ್ತಿ ಹಿಡಿದು ಕಾದುವ ಕೆಲವೇ ನಿಮಿಷಗಳ ದೃಶ್ಯಕ್ಕೆ ಅವರು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ದುಡಿದರು. ಈ ಕೈಚಳಕವನ್ನು ಚಿತ್ರಮಂದಿರದಲ್ಲಿ ಕೂತು ಅರಿಯುವುದು ಕಷ್ಟ, ಕಣ್ಣು ಮಿಟುಕಿಸುವಷ್ಟರಲ್ಲಿ ದೃಶ್ಯ ದಾಟಿಹೋಗಿರುತ್ತದೆ. ಮನೆಯ ಪ್ರತಿಯನ್ನು ನಿಲ್ಲಿಸಬಹುದು, ಒಂದೊಂದೇ ಚೌಕಟ್ಟು ಮುಂದಕ್ಕೆ ತಳ್ಳಿ ನೋಡಬಹುದು. ವಿಡಿಯೋ ಬರುವ ಮೊದಲೇ ಅಮೆರಿಕದ ಹುಡುಗರು 8 ಎಂ.ಎಂ.ನ ಪುಟ್ಟ ರೀಲುಗಳನ್ನು ಅಂಚೆಯಲ್ಲಿ ತರಿಸಿ ಗೋಡೆಯ ಮೇಲೆ ಬಿಟ್ಟುಕೊಂಡು ಹೀಗೆಯೇ ಕಲಿತರು. ಹ್ಯಾರಿಹೌಸನ್‌ರ ಅಭಿಮಾನಿಗಳಾದ ಡೆನ್ನಿಸ್ ಮ್ಯೂರೆನ್ ಮತ್ತು ಫಿಲ್ ಟಿಪ್ಪೆಟ್ 1993ರ ‘ಜುರಾಸಿಕ್ ಪಾರ್ಕ್’ನ ಡೈನೋಸಾರ್‌ಗಳಿಗಾಗಿ ಆಸ್ಕರ್ ಪಡೆದ ತಂಡದಲ್ಲಿದ್ದರು. ಆ ಚಿತ್ರದ ಕೊನೆಯಲ್ಲಿ ದೈತ್ಯ ಟಿರಾನೋಸಾರಸ್ ಘರ್ಜಿಸುವಾಗ ಮೇಲಿನಿಂದ ಕಳಚಿ ಬೀಳುವ ಬ್ಯಾನರಿನ ಮೇಲಿರುವುದು ‘ವೆನ್ ಡೈನೋಸಾರ್ಸ್ ರೂಲ್ಡ್ ದಿ ಅರ್ಥ್’ ಎಂಬ ಸಾಲು, ಹ್ಯಾಮರ್‌ನವರ 1970ರ ಚಿತ್ರದ ಹೆಸರು. ಹಳೆಯ ಡೈನೋಸಾರ್ ಚಿತ್ರಗಳಿಗೆ ಒಪ್ಪಿಸಿದ ಕಾಣಿಕೆ ಅದು.

ಆ 1970ರ ಚಿತ್ರದ ಡಿವಿಡಿಗೂ ಒಂದು ಕಥೆಯಿದೆ. ಅಮೆರಿಕದಲ್ಲಿ ಅದು ಎಲ್ಲ ವಯಸ್ಸಿನವರೂ ನೋಡಬಹುದೆಂಬ ಪ್ರಮಾಣಪತ್ರ ಪಡೆದದ್ದು ಕೆಲವು ದೃಶ್ಯಗಳಿಗೆ ಕತ್ತರಿ ಬಿದ್ದ ಮೇಲೆ. 2008ರಲ್ಲಿ ಡಿವಿಡಿ ಬಂದಾಗ ಕಂಪನಿಯವರು ಗಮನಿಸದೆ ಕತ್ತರಿ ಹಾಕದ ಆವೃತ್ತಿಯನ್ನು ಅದೇ ಪ್ರಮಾಣಪತ್ರದಡಿ ಮಾರಿದರು. ತಿಳಿದ ಕೂಡಲೇ ಡಿಸ್ಕುಗಳನ್ನು ವಾಪಸು ತರಿಸಿಕೊಂಡರು. ಅಷ್ಟರಲ್ಲಿ ಕೊಂಡಿದ್ದವರ ಮನೆಯಲ್ಲಿ ಪೂರ್ಣ ಚಿತ್ರ ಉಳಿದಿತ್ತು. ‘ಒನ್ ಮಿಲಿಯನ್ ಇಯರ್ಸ್’ ಕೂಡ ಅಮೆರಿಕದಲ್ಲಿ ಸುಮಾರು 9 ನಿಮಿಷ ಕಳೆದುಕೊಂಡಿತ್ತು, ಅಲ್ಲಿನ ಇತ್ತೀಚಿನ ಬ್ಲೂ-ರೇಯಲ್ಲಿ ಎರಡೂ ರೂಪಗಳನ್ನು ಕೊಟ್ಟಿದ್ದಾರೆ. ಒಂಬತ್ತು ನಿಮಿಷಕ್ಕಾಗಿ ಹಟ ಹಿಡಿಯುವ ನೋಡುಗರು ಇಲ್ಲದಿದ್ದರೆ ಯಾವ ಕಂಪನಿಯೂ ಆ ಖರ್ಚಿಗೆ ಕೈಹಾಕುತ್ತಿರಲಿಲ್ಲ.

ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಡಿಸ್ಕು ಯಾಕೆ ಎಂದು ಕೇಳುವವರಿದ್ದಾರೆ. ಸ್ಟ್ರೀಮಿಂಗ್ ಸೇವೆಯಲ್ಲಿ ಇವತ್ತು ಇದ್ದ ಚಿತ್ರ ಹಕ್ಕಿನ ಅವಧಿ ಮುಗಿದ ಮರುದಿನ ಇರುವುದಿಲ್ಲ. ಇದ್ದರೂ ಅದು ಯಾವ ಆವೃತ್ತಿ, ಎಲ್ಲಿ ಕತ್ತರಿ ಬಿದ್ದಿದೆ ಎಂದು ಹೇಳುವವರಿಲ್ಲ. ಅಂತರ್ಜಾಲಕ್ಕೆ ಯಾರೋ ಏರಿಸಿದ ಹಳೆಯ ಕನ್ನಡ ಚಿತ್ರಗಳಲ್ಲಿ ಮುಖ ಮಸುಕು, ಹಾಡು ಅರ್ಧ, ಮೂಲೆಯಲ್ಲಿ ಯಾವುದೋ ಚಾನೆಲ್ಲಿನ ಮುದ್ರೆ. ಇಂಥದ್ದನ್ನೇ ಮೂಲವೆಂದು ನಂಬಿ ಒಂದು ತಲೆಮಾರು ಬೆಳೆಯುತ್ತಿದೆ ಎಂಬುದು ನನಗೆ ನಿಜವಾಗಿ ನೋವಿನ ವಿಷಯ.

ನಮ್ಮದೇ ನೆಲದ ಚಿತ್ರವೊಂದನ್ನು ಬೇರೆಯವರು ಜೋಪಾನ ಮಾಡಿರುವ ಉದಾಹರಣೆ ಕೊಡಗಿನ ಗಡಿಯಲ್ಲೇ ಇದೆ. ನಾಗರಹೊಳೆಯ ಕಾಡು ಕೊಡಗು, ಮೈಸೂರು ಎರಡೂ ಜಿಲ್ಲೆಗಳಿಗೆ ಹರಡಿದೆ. ಅದರ ಅಂಚಿನಲ್ಲಿ, ಕಬಿನಿಯ ದಂಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ಮೈಸೂರು ಅರಮನೆಯ ಆನೆಲಾಯದಲ್ಲಿದ್ದ ಆ ಹುಡುಗನನ್ನು ರಾಬರ್ಟ್ ಫ್ಲಾಹರ್ಟಿಯ ತಂಡ ‘ಎಲಿಫೆಂಟ್ ಬಾಯ್’ (1937) ಚಿತ್ರಕ್ಕೆ ಆರಿಸಿತು. ಫ್ಲಾಹರ್ಟಿ ಮತ್ತು ಝೋಲ್ಟನ್ ಕೊರ್ಡಾ ಅದಕ್ಕಾಗಿ ವೆನಿಸ್‌ನಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆದರು. ಸಾಬು ಹಾಲಿವುಡ್ಡಿಗೆ ಹೋಗಿ ಅಲ್ಲೇ 1963ರಲ್ಲಿ ತೀರಿಕೊಂಡ. ಅವನ ಮೂರು ಚಿತ್ರಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು 2011ರಲ್ಲಿ ಡಿವಿಡಿ ಹೊರತಂದದ್ದು ಅಮೆರಿಕದ ಕ್ರೈಟೀರಿಯನ್ ಸಂಸ್ಥೆ. ಈ ಚಿತ್ರಗಳು, ‘ದಿ ಜಂಗಲ್’ ಕೂಡ, ನಮ್ಮ ಕಾಡನ್ನೂ ಜನರನ್ನೂ ಪರದೇಶಿ ಕಣ್ಣಿನಿಂದ ನೋಡುತ್ತವೆ, ರಾಜ, ಆನೆ, ಹುಲಿ ಬಿಟ್ಟರೆ ಇಲ್ಲಿ ಬೇರೇನೂ ಇಲ್ಲವೆಂಬಂತೆ ತೋರಿಸುತ್ತವೆ ಎಂಬ ಆಕ್ಷೇಪ ಪೂರ್ತಿ ನಿಜ. 1940ರ ‘ಒನ್ ಮಿಲಿಯನ್ ಬಿ.ಸಿ.’ಯಲ್ಲಿ ಜೀವಂತ ಸರೀಸೃಪಗಳ ಬೆನ್ನಿಗೆ ಹಾಯಿಯಂಥ ರೆಕ್ಕೆ ಅಂಟಿಸಿ ಕಾದಾಡಿಸಿದ್ದು ಕ್ರೌರ್ಯವೇ. ಇವನ್ನೆಲ್ಲ ಆರೋಪಿಸುವುದಕ್ಕೂ ಚಿತ್ರ ಕಣ್ಣೆದುರು ಇರಬೇಕು. ಮೈಸೂರಿನ ಆನೆಗಳು, ಮಾವುತರ ನಡೆನುಡಿ, ಕಬಿನಿ ಅಣೆಕಟ್ಟೆ ಕಟ್ಟುವ ಮೊದಲಿನ ಆ ಸೀಮೆಯ ಕಾಲ ‘ಎಲಿಫೆಂಟ್ ಬಾಯ್’ನಲ್ಲಿ ದಾಖಲಾಗಿರುವಷ್ಟು ಸಮೃದ್ಧವಾಗಿ ಬೇರೆ ಚಿತ್ರಗಳಲ್ಲಿ ಸಿಗುವುದು ಅಪರೂಪ.

ಕನ್ನಡದ ಕಡೆಗೆ ತಿರುಗಿದರೆ ಚಿತ್ರ ಕಹಿಯಾಗುತ್ತದೆ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಇಂದು ಇಲ್ಲ. 1964ರಲ್ಲಿ ಪುಣೆಯಲ್ಲಿ ಹುಟ್ಟಿದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಎಷ್ಟೋ ಚಿತ್ರಗಳನ್ನು ಕಾಪಾಡಿದ್ದರೂ 2003ರ ಜನವರಿಯ ಬೆಂಕಿಯಲ್ಲಿ ಅಲ್ಲಿನ ನೈಟ್ರೇಟ್ ಫಿಲ್ಮುಗಳ ದೊಡ್ಡ ಸಂಗ್ರಹವೇ ಹೋಯಿತು. ಸಮಾಧಾನದ ಸುದ್ದಿಯೂ ಇದೆ: ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕೋರ್ಸೆಸಿಯವರ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಸೇರಿ ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದವು. ಆದರೆ ಪ್ರಶಸ್ತಿ ಗೆದ್ದ ಚಿತ್ರಕ್ಕೆ ಕೈಹಿಡಿಯುವವರು ಸಿಗುತ್ತಾರೆ. ಮಾಯೆ, ಮಂತ್ರ, ನಾಗಕನ್ಯೆ, ಕಾಡಿನ ಸಾಹಸದ ಜನಪ್ರಿಯ ಚಿತ್ರಗಳಿಗೆ ಅಭಿಮಾನಿಗಳಲ್ಲದೆ ಬೇರೆ ವಾರಸುದಾರರಿಲ್ಲ.

ಕೊಡವ ಭಾಷೆಯ ಮೊದಲ ಚಿತ್ರ ‘ನಾಡ ಮಣ್ಣ್ ನಾಡ ಕೂಳ್’ 1972ರದ್ದು. ಎಸ್.ಆರ್. ರಾಜನ್ ಅದನ್ನು ನಿರ್ದೇಶಿಸಿದರು. ಇಂಥ ಚಿತ್ರಗಳ ನೋಡುಗರ ಸಂಖ್ಯೆಯೇ ಚಿಕ್ಕದು, ಹಾಗಾಗಿ ಒಂದೊಂದು ಪ್ರತಿಯ ಬೆಲೆಯೂ ಹೆಚ್ಚು. ಇಲ್ಲಿನ ಮಳೆಗಾಲವೂ ಸಂಗ್ರಾಹಕರ ಪರವಾಗಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು. ಅಸಿಟೇಟ್ ಫಿಲ್ಮು ತೇವ ಹೀರಿದರೆ ಒಳಗೊಳಗೇ ಆಮ್ಲ ಬಿಟ್ಟು, ವಿನಿಗರ್ ವಾಸನೆ ಹೊಡೆದು, ಸುರುಟಿಕೊಂಡು ಹಾಳಾಗುತ್ತದೆ. ಆ ವಾಸನೆ ಬಂದ ರೀಲನ್ನು ಉಳಿದವುಗಳಿಂದ ಬೇರೆಯಿಡಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬಾರದು. ಬೂಷ್ಟು ಹಿಡಿದ ವಿಡಿಯೋ ಕ್ಯಾಸೆಟ್ಟನ್ನು ಹಾಗೇ ಮೆಷಿನ್ನಿಗೆ ಹಾಕಿದರೆ ಟೇಪೂ ಹರಿಯುತ್ತದೆ, ಮೆಷಿನ್ನೂ ಕೆಡುತ್ತದೆ. ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಚಿತ್ರಮಂದಿರದ ಕೋಣೆಯಲ್ಲಿ, ಮುಚ್ಚಿಹೋದ ವಿಡಿಯೋ ಲೈಬ್ರರಿಯ ಗೋಣಿಚೀಲದಲ್ಲಿ ಕೊಡವ, ಕನ್ನಡ, ತುಳು, ಯಾವ ಭಾಷೆಯದೇ ಹಳೆಯ ರೀಲು, ಕ್ಯಾಸೆಟ್ಟು, ಪೋಸ್ಟರು, ಹಾಡಿನ ಪುಸ್ತಕ ಇದ್ದರೆ ಗುಜರಿಗೆ ಹಾಕಬೇಡಿ. ಮುಂದಿನ ಮಳೆಗಾಲದೊಳಗೆ ಇಳಿಸಿ, ಹೆಸರು ಬರೆದಿಟ್ಟು, ಪುಣೆಯ ಸಂಗ್ರಹಾಲಯಕ್ಕೆ ಒಂದು ಪತ್ರ ಹಾಕಿ. ಜನರ ಬಳಿ ಉಳಿದ ಪ್ರತಿಗಳನ್ನು ಅವರು ಸ್ವೀಕರಿಸುತ್ತಾರೆ.