ಅಂಡರ್‌ಟೇಕರ್ ಮತ್ತು ನಮ್ಮ ವೀರಬಾಹು

ಟಿ.ವಿ. ಕುಸ್ತಿಯ ಅಂಡರ್‌ಟೇಕರ್ ಏಳು ಸಲ ಸತ್ತು ಏಳು ಸಲವೂ ಬದುಕಿ ಬಂದ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ಸುಳ್ಳು. ಆತನ ನಿಜವಾದ ಹೆಸರು ಮಾರ್ಕ್ ಕ್ಯಾಲವೇ, ಅಮೆರಿಕದವನು. 1990ರಲ್ಲಿ ಡಬ್ಲ್ಯು.ಡಬ್ಲ್ಯು.ಎಫ್. ಕುಸ್ತಿಗೆ ಬಂದಾಗ ಹೆಣ ಹೂಳುವವನ ವೇಷ ಹಾಕಿದ. ಕರೀ ಕೋಟು, ಕರೀ ಹ್ಯಾಟು. 1991ರಲ್ಲಿ ಎಲ್ಲರ ಮೆಚ್ಚಿನ ಹಲ್ಕ್ ಹೋಗನ್‌ನನ್ನೇ ಸೋಲಿಸಿದ. 2020ರಲ್ಲಿ ಕುಸ್ತಿ ಬಿಟ್ಟ.

ಆ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಗಿರುತ್ತೆ. ಒಬ್ಬ ಒಳ್ಳೆಯವನು, ಇನ್ನೊಬ್ಬ ಕೆಟ್ಟವನು. ಕೆಟ್ಟವನಿಗೆ ಜನ ಎಷ್ಟು ಬೈದರೆ ಅಷ್ಟು ಚೆನ್ನಾಗಿ ಅವನು ಕೆಲಸ ಮಾಡಿದ ಅಂತ ಲೆಕ್ಕ. ಆದರೆ ಬೀಳೋದು ನಿಜ, ಪೆಟ್ಟೂ ನಿಜ. (ಬೆಂಚಿನ ಮೇಲಿಂದ ಹಾರೋರು ಇದನ್ನ ಎರಡು ಸಲ ಓದಿ!)

ನಮ್ಮ ಗರಡಿ ಕುಸ್ತಿ ಹಾಗಲ್ಲ. ಕೆಮ್ಮಣ್ಣಿನ ಮೇಲೆ ಜೋಡಿ ಕಟ್ಟುತ್ತಾರೆ, ಬೆನ್ನು ಮಣ್ಣಿಗೆ ತಾಗಿದವನು ಸೋತ. ಅಲ್ಲಿ ಖಳನಾಯಕ ಅಂತ ಯಾರೂ ಇರೋದಿಲ್ಲ. ಆದರೆ ಗರಡಿಯಿಂದ ಬಂದು ಸಿನಿಮಾದಲ್ಲಿ ಖಳನಾಯಕರಾದವರು ಒಬ್ಬರಿದ್ದರು. ಅವರೇ ಮೈಸೂರಿನ ಎಂ.ಪಿ. ಶಂಕರ್.

ಶಂಕರ್ ಮೊದಲು ಪೈಲ್ವಾನರು. 1960ರ ದಶಕದಲ್ಲಿ ಸಿನಿಮಾಕ್ಕೆ ಬಂದರು. ಆ ಮೈಕಟ್ಟು, ಆ ದನಿ ನೋಡಿ ಜಗಳಗಂಟ, ದುಷ್ಟ, ಇಂಥ ಪಾತ್ರಗಳೇ ಹೆಚ್ಚು ಸಿಕ್ಕವು. ಆದರೆ ನಮ್ಮಜ್ಜನಂಥವರು ಅವರನ್ನು ಈಗಲೂ ನೆನೆಯೋದು 1965ರ ‘ಸತ್ಯ ಹರಿಶ್ಚಂದ್ರ’ದ ವೀರಬಾಹು ಪಾತ್ರಕ್ಕೆ. ನೋಡಿ, ಇವರದೂ ಸ್ಮಶಾನದ ವೇಷವೇ! ಅಂಡರ್‌ಟೇಕರ್‌ಗಿಂತ 25 ವರ್ಷ ಮೊದಲು. ವೀರಬಾಹು ಕಾಶಿಯ ಸ್ಮಶಾನದ ಒಡೆಯ. ನೋಡೋಕೆ ಭಯ ಆಗುತ್ತೆ. ಜನ ಅವನನ್ನು ಕೀಳು ಕುಲದವನು ಅಂತಾರೆ. ಆದರೆ ಹರಿಶ್ಚಂದ್ರನಿಗೆ ಕಾಟ ಕೊಟ್ಟವನು ಅವನಲ್ಲ, ವಿಶ್ವಾಮಿತ್ರ ಋಷಿ. ರಾಜ ತನ್ನನ್ನೇ ಮಾರಿಕೊಳ್ಳೋಕೆ ನಿಂತಾಗ ದುಡ್ಡು ಕೊಟ್ಟು ಕೊಂಡವನು ವೀರಬಾಹು. ಅವನು ಕೊಡದಿದ್ದರೆ ರಾಜನ ಸತ್ಯ ಉಳೀತಾ ಇತ್ತಾ? ನನ್ನ ಪ್ರಕಾರ ಇಲ್ಲ.

ಆಮೇಲೆ ಶಂಕರ್ ತಾವೇ ಸಿನಿಮಾ ತೆಗೆದರು. 1973ರ ‘ಗಂಧದ ಗುಡಿ’ ಅವರು ನಿರ್ಮಿಸಿದ್ದು. ಅದರಲ್ಲಿ ರಾಜ್‌ಕುಮಾರ್ ಕಾಡು ಕಾಯುವ ಅಧಿಕಾರಿ. ನಮ್ಮ ಆಲೂರು, ಸಕಲೇಶಪುರದ ಕಡೆ ಆನೆ ಗದ್ದೆಗೆ ನುಗ್ಗಿದರೆ ಆನೆಯೇ ಖಳನಾಯಕ. ಆ ಸಿನಿಮಾದಲ್ಲಿ ಕಾಡು ಕಡಿದು ಸಾಗಿಸೋರು ಖಳರು. ಶಂಕರ್ 2008ರಲ್ಲಿ ತೀರಿಕೊಂಡರು. ಅದೇ ವರ್ಷ ‘ಸತ್ಯ ಹರಿಶ್ಚಂದ್ರ’ ಬಣ್ಣದಲ್ಲಿ ಮತ್ತೆ ಬಿಡುಗಡೆಯಾಯಿತು.

ಈ ಸಲ ವಾರ್ಷಿಕೋತ್ಸವಕ್ಕೆ ನಮ್ಮ ತರಗತಿಯಿಂದ ಹರಿಶ್ಚಂದ್ರ ನಾಟಕ. ಹರಿಶ್ಚಂದ್ರ ಆಗೋಕೆ ಒಂಬತ್ತು ಜನ ಕೈ ಎತ್ತಿದರು. ವೀರಬಾಹುಗೆ ಒಬ್ಬರೂ ಇಲ್ಲ. ‘ಸುಡುಗಾಡು ಕಾಯೋನು’ ಅಂತ ವರ್ಷವಿಡೀ ರೇಗಿಸ್ತಾರೆ, ಜಾತಿ ಹಿಡಿದು ಅಂತಾರೆ ಅನ್ನೋ ಭಯ. ಮೇಷ್ಟ್ರ ಹತ್ತಿರ ನಾನು ಹೆಸರು ಬರೆಸಿದ್ದೇನೆ. ಶಂಕರ್ ಅವರ ಮೈಕಟ್ಟು ನನಗಿಲ್ಲ, ದಪ್ಪ ಕಂಬಳಿ ಹೊದ್ದುಕೊಳ್ಳಬೇಕು. ರೇಗಿಸೋರು ರೇಗಿಸಲಿ, ನಾಟಕ ಮಾತ್ರ ಮುಂದೆ ಕೂತು ನೋಡಿ.