ಕೊಟ್ಟ ದಿನವೂ ಹುಟ್ಟುವ ದಿನವೂ

ನೆರೆಮನೆಯ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ವೈದ್ಯರು ಹೇಳಿದ ತಾರೀಖು ಕಳೆದ ಮರುದಿನ ಬೆಳಗಿನಿಂದಲೇ ಆ ಮನೆಯ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿ, ಸಂಜೆಯ ಹೊತ್ತಿಗೆ ಬೀಗರ ಕಡೆಯ ಹಿರಿಯರೊಬ್ಬರು “ಡೇಟ್ ದಾಟಿತಂತಲ್ಲ, ಡಾಕ್ಟರ ಲೆಕ್ಕವೇ ತಪ್ಪಿರಬೇಕು” ಎಂದು ತೀರ್ಪನ್ನೂ ಕೊಟ್ಟುಬಿಟ್ಟರು. ಗರ್ಭಸ್ಥ ಶಿಶುವು ಪಂಚಾಂಗ ನೋಡಿಕೊಂಡು ಹೊರಡಬೇಕೆಂಬ ಈ ನಿರೀಕ್ಷೆಗೆ ನಗುವುದೋ ಮರುಗುವುದೋ ತಿಳಿಯದಾಯಿತು.

ಆ ತಾರೀಖಾದರೂ ಬಂದುದೆಲ್ಲಿಂದ? ಕಡೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನಗಳನ್ನು ಕೂಡಿಸಿದುದರಿಂದ. ಅದು ಜನವರಿ 1 ಆಗಿದ್ದರೆ ಇದು ಅಕ್ಟೋಬರ್ 8. ಹೈಡೆಲ್‌ಬರ್ಗಿನ ಪ್ರಸೂತಿತಜ್ಞ ಫ್ರಾನ್ಜ್ ಕಾರ್ಲ್ ನೇಗೆಲೆಯ ಹೆಸರಿನಿಂದ 19ನೆಯ ಶತಮಾನದಿಂದ ನಡೆದುಬಂದಿರುವ ಈ ಸೂತ್ರವು, ಸಕಲ ಸ್ತ್ರೀಯರ ಋತುಚಕ್ರವೂ 28 ದಿನಗಳದೆಂದೂ, ಅದರ ನಡುವೆಯೇ ಗರ್ಭ ನಿಲ್ಲುವುದೆಂದೂ ಭಾವಿಸಿಕೊಂಡು ಹೊರಟಿದೆ. 35 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಗರ್ಭ ನಿಲ್ಲುವುದೇ ಸುಮಾರು ಒಂದು ವಾರ ತಡವಾಗಿರುವಾಗ, ಅವಳ ಮಗು ಒಂದು ವಾರ ತಡಮಾಡಿತೆಂದು ದೂರುವುದು ಯಾವ ನ್ಯಾಯ? ಚಕ್ರ ಕ್ರಮವಾಗಿದ್ದರೂ ಹೇಳಿದ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ ಅಷ್ಟೆ. 37 ವಾರ ತುಂಬಿದಂದಿನಿಂದ 42ರ ವರೆಗೆ ಹರಡಿಕೊಂಡಿರುವ ಕಾಲಾವಧಿಯ ನಡುವೆ ನೆಟ್ಟ ಗೂಟ ಅದು, ಗಡುವಲ್ಲ.

ಇದಕ್ಕಿಂತಲೂ ನನ್ನ ತಾಳ್ಮೆಗೆಡಿಸುವುದು ಸ್ಕ್ಯಾನಿನ ಕಾಗದಗಳ ಪಾರಾಯಣ. ಮೊದಲ ಮೂರು ತಿಂಗಳೊಳಗೆ ಭ್ರೂಣವನ್ನು ತಲೆಯಿಂದ ಪೃಷ್ಠದವರೆಗೆ ಅಳೆದಾಗ ದೊರೆಯುವ ದಿನವು ಹೆಚ್ಚೆಂದರೆ ಐದಾರು ದಿನ ಹಿಂದುಮುಂದಾದೀತು; ಆಗ ಎಲ್ಲ ಶಿಶುಗಳೂ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಬೆಳೆಯುತ್ತಿರುತ್ತವೆ. ಒಂಬತ್ತರಲ್ಲಿ ಬಿದ್ದ ಮೇಲಾದರೋ ಒಂದು ದಷ್ಟಪುಷ್ಟ, ಇನ್ನೊಂದು ಸಣಕಲು. ಯಂತ್ರವು ಗಾತ್ರವನ್ನು ಕಂಡು ವಯಸ್ಸನ್ನು ಊಹಿಸುವುದರಿಂದ ಮೂರು ವಾರ ವ್ಯತ್ಯಾಸವಾದರೂ ಆಶ್ಚರ್ಯವಿಲ್ಲ. ಹೀಗಿರುತ್ತ ಕಡೆಯ ಸ್ಕ್ಯಾನಿನಲ್ಲಿ ಅಚ್ಚಾದ ಅಂಕಿಯನ್ನೇ ಹಿಡಿದು “ಡೇಟ್ ಹಿಂದಕ್ಕೆ ಬಂತು” ಎಂದು ಸಂಭ್ರಮಿಸುವವರು, ಹೊಸ ಕಾಗದವೇ ಹೆಚ್ಚು ಸತ್ಯವೆಂಬ ಭ್ರಮೆಯಲ್ಲಿರುವರು. ಇಲ್ಲಿ ಹಳೆಯದೇ ಪ್ರಮಾಣ.

ಏಳರಲ್ಲಿ ಹುಟ್ಟಿದ್ದು ಬದುಕೀತು, ಎಂಟರದು ಬದುಕದೆಂಬ ಮಾತು ಚರಕಸುಶ್ರುತರಷ್ಟು ಹಳೆಯದು, ಗ್ರೀಕರಲ್ಲಿಯೂ ಇದ್ದುದು. ಹಳೆಯದೆಂಬುದನ್ನು ಬಿಟ್ಟರೆ ಅದಕ್ಕೆ ಆಧಾರವಿಲ್ಲ, ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಅಕಾಲಶಿಶುವಿಗೆ ಲಾಭವೇ. ಹೊಟ್ಟೆಯ ಆಕಾರದಿಂದ ಗಂಡು ಹೆಣ್ಣು ಹೇಳುವವರ ವಿಷಯ ಬೇಡ.

ನಿಸರ್ಗದ ದಿನವನ್ನು ನಂಬದ ನಾವು, ಜೋಯಿಸರು ಬರೆದುಕೊಟ್ಟ ನಕ್ಷತ್ರಕ್ಕೆ ಸರಿಯಾಗಿ 37ನೆಯ ವಾರದಲ್ಲಿಯೇ ಶಸ್ತ್ರಚಿಕಿತ್ಸೆಯಿಂದ ಮಗುವನ್ನು ತೆಗೆಸಲು ಹಿಂಜರಿಯುವುದಿಲ್ಲ; 39 ವಾರ ತುಂಬುವ ಮೊದಲು ನಿಷ್ಕಾರಣವಾಗಿ ತೆಗೆದ ಶಿಶುಗಳಲ್ಲಿ ಉಸಿರಾಟದ ತೊಂದರೆ ಹೆಚ್ಚೆಂದು ವೈದ್ಯರು ಹೇಳಿದರೆ, ಅದೊಂದು ಮಾತ್ರ ನಮಗೆ ಅತಿಶಯೋಕ್ತಿಯಾಗಿ ಕೇಳಿಸುವುದು. ಅಂಕಿಯಾದರೂ ಸರಿ, ನಕ್ಷತ್ರವಾದರೂ ಸರಿ, ಯಾರಾದರೂ ಬರೆದುಕೊಟ್ಟದ್ದಾದರೆ ನಮಗೆ ಸಾಕು.

ಹಾಗೆಂದು ವೈದ್ಯರು ಕೊಟ್ಟ ದಿನ ನಿರುಪಯುಕ್ತವೆಂದು ಯಾರೂ ತಿಳಿಯಬಾರದು. 41 ವಾರ ಮೀರಿದವಳನ್ನು ವೈದ್ಯರು ಹತ್ತಿರದಿಂದ ನೋಡಿಕೊಳ್ಳುವುದೂ, ನೋವು ಬರಿಸುವ ಮಾತೆತ್ತುವುದೂ ಅದೇ ಲೆಕ್ಕದ ಮೇಲೆ. ಆದರೆ ಮಗುವಿನ ಮಿಸುಕಾಟ ಕಡಿಮೆಯಾದರೆ, ನೀರು ಹೋದರೆ, ರಕ್ತ ಕಂಡರೆ, ತಾರೀಖಿಗೆ ಇನ್ನೆಷ್ಟು ದಿನವೆಂದು ಎಣಿಸುತ್ತ ಕೂರದೆ ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು. ಹೋಗುವಾಗ ತಾಯಿ ಕಾರ್ಡಿನೊಡನೆ ಆ ಮೊದಲ ಸ್ಕ್ಯಾನಿನ ಕಾಗದವನ್ನು ಮರೆಯದೆ ಕೊಂಡೊಯ್ಯಿರಿ.