ಬಿಡುವ ವಿದ್ಯೆ

ಪರೀಕ್ಷೆ ಎಂದರೆ ನಮ್ಮಲ್ಲಿ ಬರೆಯುವುದು, ಬಿಡುವುದಲ್ಲ. ‘ಒಂದು ಪ್ರಶ್ನೆಯನ್ನೂ ಬಿಡಬೇಡ, ತಿಳಿದಷ್ಟು ಬರೆದು ಬಾ’ ಎಂಬುದು ಪ್ರಾಥಮಿಕ ಶಾಲೆಯ ಮೆಟ್ಟಿಲಿನಿಂದ ಪದವಿಯ ಬಾಗಿಲಿನವರೆಗೂ ಹಿರಿಯರು ಹರಸಿ ಕಳುಹಿಸುವ ಮಾತು. ಈ ಮಾತನ್ನು ಶಿರಸಾವಹಿಸಿ ಪದವಿ ಮುಗಿಸಿದ ಕುಣಿಗಲ್ ಸೀಮೆಯ ತರುಣನೋ ತರುಣಿಯೋ ವ್ಯವಹಾರ ನಿರ್ವಹಣೆಯ ಉನ್ನತ ವ್ಯಾಸಂಗಕ್ಕೆ ಮನಸ್ಸು ಮಾಡಿದರೆ, ಎದುರಾಗುವ ಪ್ರವೇಶ ಪರೀಕ್ಷೆಯೊಂದು ಆ ಹಿತವಚನವನ್ನೇ ತಲೆಕೆಳಗು ಮಾಡುತ್ತದೆ.

ಬೇರೆ ಬೇರೆ ಕಾಲೇಜುಗಳಿಂದ ಬರುವವರನ್ನು ಒಂದೇ ಕೊಳಗದಿಂದ ಅಳೆಯಲು ಅಮೆರಿಕದ ಕೆಲವು ವಿದ್ಯಾಲಯಗಳು ಕೂಡಿ ೧೯೫೪ರಲ್ಲಿ ಆರಂಭಿಸಿದ ಪರೀಕ್ಷೆಯೇ ಇಂದಿನ ‘ಜಿಮ್ಯಾಟ್’. ನಮ್ಮ ದೇಶದಲ್ಲಿ ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ ೧೯೬೧ರಲ್ಲಿಯೂ, ಬೆಂಗಳೂರಿನಲ್ಲಿ ೧೯೭೩ರಲ್ಲಿಯೂ ಭಾರತೀಯ ನಿರ್ವಹಣಾ ಸಂಸ್ಥೆಗಳು ತಲೆಯೆತ್ತಿದವು. ಅವುಗಳ ಹೆಬ್ಬಾಗಿಲನ್ನು ಕಾಯುವುದು ‘ಕ್ಯಾಟ್’. ನಮ್ಮ ರಾಜ್ಯದ ಎಂ.ಬಿ.ಎ. ಕಾಲೇಜುಗಳ ಸರ್ಕಾರಿ ಸ್ಥಾನಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವುದು ‘ಪಿಜಿಸಿಇಟಿ’. ಕುಣಿಗಲ್ಲಿನ ವಿದ್ಯಾರ್ಥಿ ಸಾಮಾನ್ಯವಾಗಿ ಇವೆರಡಕ್ಕೂ ಅರ್ಜಿ ಹಾಕುತ್ತಾನೆ. ಒಂದೇ ಓದಿನಿಂದ ಎರಡನ್ನೂ ಗೆಲ್ಲಬಹುದೆಂದು ನಂಬುತ್ತಾನೆ. ಓದೇನೋ ಒಂದೇ ಇರಬಹುದು. ಆದರೆ ಇವುಗಳ ಧರ್ಮ ಬೇರೆ.

ಪಿಜಿಸಿಇಟಿಯಲ್ಲಿ ೧೨೦ ನಿಮಿಷಕ್ಕೆ ೧೦೦ ಪ್ರಶ್ನೆ, ತಪ್ಪಿಗೆ ದಂಡವಿಲ್ಲ. ಅಲ್ಲಿ ಬಿಟ್ಟವನೇ ಕೆಟ್ಟವನು. ಕ್ಯಾಟಿನಲ್ಲೂ ೨೦೨೦ರಿಂದ ಕಾಲಾವಧಿ ೧೨೦ ನಿಮಿಷವೇ. ಆದರೆ ೨೦೨೧ರಿಂದೀಚೆಗೆ ಪ್ರಶ್ನೆಗಳು ೬೬ ಅಥವಾ ೬೮ ಮಾತ್ರ. ಭಾಷೆ, ತರ್ಕ, ಗಣಿತ ಎಂಬ ಮೂರು ಭಾಗಗಳಿಗೆ ತಲಾ ೪೦ ನಿಮಿಷ. ದಾಟಿದ ಭಾಗಕ್ಕೆ ಮರಳುವಂತಿಲ್ಲ. ಸರಿಯುತ್ತರಕ್ಕೆ ಮೂರು ಅಂಕ. ಆಯ್ಕೆಗಳನ್ನು ಕೊಟ್ಟ ಪ್ರಶ್ನೆಗೆ ತಪ್ಪುತ್ತರ ಗುರುತಿಸಿದರೆ ಗಳಿಸಿದ್ದರಲ್ಲಿ ಒಂದಂಕ ಖೋತಾ.

ಇದರ ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ಏನೂ ತಿಳಿಯದ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಆಯ್ಕೆಗಳಲ್ಲೊಂದನ್ನು ಕಣ್ಣುಮುಚ್ಚಿ ಗುರುತಿಸುತ್ತ ಹೋದರೆ, ಸರಾಸರಿಯಲ್ಲಿ ಒಂದು ಸರಿಯಾಗಿ ಮೂರು ಅಂಕ ಬಂತು; ಮೂರು ತಪ್ಪಾಗಿ ಮೂರು ಅಂಕ ಹೋಯಿತು. ಉಳಿದದ್ದು ಸೊನ್ನೆ, ಕಳೆದದ್ದು ಕಾಲ. ಎರಡು ಆಯ್ಕೆಗಳು ಖಂಡಿತ ತಪ್ಪೆಂದು ಕಂಡುಕೊಂಡವನಿಗೆ ಊಹೆ ಲಾಭ ತರುತ್ತದೆ: ಎರಡು ಪ್ರಶ್ನೆಗೆ ಎರಡು ಅಂಕ. ಅರಿವಿಲ್ಲದ ಧೈರ್ಯಕ್ಕೆ ಇಲ್ಲಿ ಬೆಲೆಯಿಲ್ಲ. ಅರೆ ಅರಿವಿಗೂ ಉಂಟು.

ಈ ಮಾತು ಜನಪದರು ಹಾಡಿ ಹೊಗಳಿದ ಕೆರೆಯ ಊರಿನವರಿಗೆ ಹೊಸದಾಗಿ ತೋರಬೇಕಾಗಿಲ್ಲ. ಮಳೆ ಹಿಂದೆಗೆದ ವರ್ಷ ನೀರಗಂಟಿಯು ಎಲ್ಲ ಗದ್ದೆಗೂ ಬೊಗಸೆ ಬೊಗಸೆ ನೀರು ಹಂಚಹೊರಟರೆ ಯಾವ ಪೈರೂ ಕೈಗೆ ಹತ್ತದು. ಇಷ್ಟು ಗದ್ದೆ ಈ ಸಲ ಬೀಳು ಎಂದು ಮೊದಲೇ ತೀರ್ಮಾನಿಸಿದರೆ ಉಳಿದವಾದರೂ ತೆನೆಗಟ್ಟುತ್ತವೆ. ನಲವತ್ತು ನಿಮಿಷವೂ ಅಂಥ ಅರೆತುಂಬಿದ ಕೆರೆಯೇ. ತರ್ಕದ ಭಾಗದ ಪ್ರಶ್ನೆಗಳು ನಾಲ್ಕೈದರ ಕಟ್ಟುಗಳಾಗಿ ಬರುತ್ತವೆ. ಮೊದಲ ಐದು ನಿಮಿಷ ಎಲ್ಲ ಕಟ್ಟುಗಳನ್ನೂ ಕಣ್ಣಾಡಿಸಿ, ಬೀಳು ಬಿಡತಕ್ಕವನ್ನು ನಿಶ್ಚಯಿಸಿದವನು, ಮೊದಲ ಕಟ್ಟಿನಲ್ಲೇ ಹಟ ಹಿಡಿದು ಕೂತವನನ್ನು ಹಿಂದೆ ಹಾಕುತ್ತಾನೆ. ಈಚಿನ ವರ್ಷಗಳಲ್ಲಿ ಒಟ್ಟು ಅಂಕಗಳ ಅರ್ಧವನ್ನೂ ಮುಟ್ಟದವರು ೯೯ ಪರ್ಸೆಂಟೈಲ್ ಪಡೆದಿದ್ದಾರೆ; ಎಂದರೆ ನೂರಕ್ಕೆ ತೊಂಬತ್ತೊಂಬತ್ತು ಮಂದಿಗಿಂತ ಮುಂದಿದ್ದಾರೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಗಣಿತವನ್ನು ಕಂಡು ಹೆದರುವುದಕ್ಕೂ ಕಾರಣವಿಲ್ಲ. ಶೇಕಡಾ, ಅನುಪಾತ, ಕಾಲ–ವೇಗ, ಬೀಜಗಣಿತ, ರೇಖಾಗಣಿತ—ಇವುಗಳ ಬಹುಭಾಗ ಪ್ರೌಢಶಾಲೆಯಲ್ಲಿ ಕನ್ನಡದಲ್ಲೇ ಕಲಿತದ್ದು. ನಿಜವಾದ ಗೋಡೆ ಇಂಗ್ಲಿಷಿನದು. ಕ್ಯಾಟ್ ಪತ್ರಿಕೆ ಆ ಒಂದೇ ಭಾಷೆಯಲ್ಲಿರುತ್ತದೆ. ವಿಚಾರ ತಿಳಿಯದೆ ಅಲ್ಲ, ವಾಕ್ಯ ಬೇಗ ತಿಳಿಯದೆ ಸೋಲುವುದು ಕನ್ನಡ ಮಾಧ್ಯಮದಿಂದ ಬಂದ ಬುದ್ಧಿವಂತರ ದುರದೃಷ್ಟ. ಇದು ನ್ಯಾಯವೇ ಎಂದು ಕೇಳುವ ಹಕ್ಕು ನಮಗಿದೆ, ಕೇಳಲೂ ಬೇಕು. ಆದರೆ ಉತ್ತರ ಬರುವವರೆಗೆ ನವೆಂಬರ್ ಕಾಯುವುದಿಲ್ಲ. ಪದಪಟ್ಟಿಯ ಕಂಠಪಾಠ ಈ ಗೋಡೆಯನ್ನು ಉರುಳಿಸದು. ಪ್ರತಿದಿನ ಒಂದು ಪ್ರಬಂಧವನ್ನು ಓದಿ, ಲೇಖಕನ ವಾದವೇನು, ಆಧಾರವೇನು, ಎಲ್ಲಿ ಸಡಿಲ ಎಂದು ಕನ್ನಡದಲ್ಲೇ ಮೂರು ವಾಕ್ಯ ಬರೆದಿಟ್ಟರೆ ಆರು ತಿಂಗಳಲ್ಲಿ ಕಣ್ಣು ಪಳಗುತ್ತದೆ. ಕನ್ನಡವನ್ನು ನಿಗಾ ಇಟ್ಟು ಓದಬಲ್ಲವನಿಗೆ ಅರ್ಧ ದಾರಿ ಆಗಲೇ ಸಂದಿದೆ. ೨೦೧೭ರಲ್ಲಿ ಬೆಂಗಳೂರು–ಹಾಸನ ರೈಲು ಕುಣಿಗಲ್ಲನ್ನು ಮುಟ್ಟಿತಷ್ಟೆ. ದಿನವೂ ರಾಜಧಾನಿಗೆ ಹೋಗಿಬರುವ ವಿದ್ಯಾರ್ಥಿಗೆ ಆ ಪಯಣದ ಹೊತ್ತೇ ವಾಚನಾಲಯ.

ಹಳೆಯ ಪತ್ರಿಕೆಗಳನ್ನು ಗಡಿಯಾರವಿಟ್ಟು ಬಿಡಿಸುವಾಗ ಎಷ್ಟು ಸರಿ ಎಂದಷ್ಟೇ ಲೆಕ್ಕ ಇಟ್ಟರೆ ಸಾಲದು. ಯಾವುದನ್ನು ಬಿಡಬೇಕಿತ್ತು, ಏಕೆ ಬಿಡಲಿಲ್ಲ ಎಂಬುದಕ್ಕೂ ಒಂದು ಪುಟ ಮೀಸಲಿರಲಿ. ಪಿಜಿಸಿಇಟಿಯ ಮುನ್ನಾದಿನ ಆ ಪುಟವನ್ನು ಮುಚ್ಚಿಟ್ಟು, ನೂರನ್ನೂ ಗುರುತಿಸಿ ಬರುವ ಹಳೆಯ ಅಭ್ಯಾಸಕ್ಕೆ ಮರಳಬೇಕೆಂಬುದನ್ನೂ ಮರೆಯಬಾರದು.

ಹಿರಿಯರಿಗೂ ಇಲ್ಲಿ ಒಂದು ಕರ್ತವ್ಯವಿದೆ. ಬೆಂಗಳೂರಿನ ಸಂಸ್ಥೆಯ ಎರಡು ವರ್ಷದ ಶುಲ್ಕ ಇಪ್ಪತ್ತು ಲಕ್ಷ ರೂಪಾಯಿಗಳನ್ನು ಮೀರಿದೆ. ಬ್ಯಾಂಕ್ ಸಾಲ ದೊರೆತರೂ ಅದು ಸಾಲವೇ. ಯಾವ ಬಾಗಿಲು ತಟ್ಟಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮನೆಮಂದಿಯೆಲ್ಲ ಕೂತು, ಮಕ್ಕಳ ಮಾತಿಗೂ ಕಿವಿಗೊಟ್ಟು, ಅರ್ಜಿ ಹಾಕುವ ಮೊದಲೇ ಆಲೋಚಿಸುವುದು ಲೇಸು. ಮಗ ಪರೀಕ್ಷೆಯಿಂದ ಬಂದು ‘ಇಪ್ಪತ್ತು ಪ್ರಶ್ನೆ ಬಿಟ್ಟೆ’ ಎಂದಾಗ ಗದರುವ ಮುನ್ನ, ಅವನು ಬರೆದದ್ದು ಯಾವ ಪರೀಕ್ಷೆ ಎಂದು ಒಮ್ಮೆ ಕೇಳಲಿ.